ಚಿಕ್ಕ ಸೈಟಿನ ಹಳೆಯ ಮನೆ: ಅಡ್ವಾನ್ಸ್ ಕೊಡುವ ಮುನ್ನ ತೂಗಿ ನೋಡಬೇಕಾದದ್ದು

ಬೆಂಗಳೂರಿನ ಹನುಮಂತನಗರ, ಶ್ರೀನಗರ, ರಾಜಾಜಿನಗರ, ವಿಜಯನಗರದಂತಹ ಬಡಾವಣೆಗಳಲ್ಲಿ ಖಾಲಿ ಸೈಟು ಹುಡುಕಿದರೂ ಸಿಗುವುದು ಕಷ್ಟ. ಮಾರಾಟಕ್ಕೆ ಬರುವುದೆಲ್ಲ ನಲವತ್ತು, ಐವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳು, ಅದೂ 20×30 ಅಥವಾ 30×40 ಅಡಿ ಜಾಗದಲ್ಲಿ. ಮಕ್ಕಳು ಬೇರೆ ಊರು, ಬೇರೆ ದೇಶ ಸೇರಿರುತ್ತಾರೆ. ತಂದೆತಾಯಿ ತೀರಿಕೊಂಡ ಮೇಲೆ ಪಾಲು ಆಗಬೇಕಿರುತ್ತದೆ. ಮನೆ ಮಾರಾಟಕ್ಕೆ ಬರುತ್ತದೆ. ಅದೇ ದುಡ್ಡಿಗೆ ಊರಾಚೆ ಹೊಸ ಅಪಾರ್ಟ್‌ಮೆಂಟಿನಲ್ಲಿ ಮೂರು ಕೋಣೆಯ ಮನೆ ಸಿಗುತ್ತಿರುವಾಗ, ಸೋರುವ ತಾರಸಿಯ ಈ ಪುಟ್ಟ ಮನೆ ಬೇಕೇ ಎಂಬ ಪ್ರಶ್ನೆ ಬಹಳ ಕುಟುಂಬಗಳನ್ನು ಕಾಡುತ್ತದೆ.

ಬೇಕು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಗಟ್ಟಿ ಕಾರಣಗಳಿವೆ. ಆದರೆ ಈ ತೂಗುವ ಕೆಲಸವನ್ನು ಹೆಚ್ಚಿನವರು ತಪ್ಪು ಕಡೆಯಿಂದ ಆರಂಭಿಸುತ್ತಾರೆ. ಬ್ರೋಕರ್ ಹೇಳಿದ ಬೆಲೆಯಿಂದ ಶುರುಮಾಡಿ, ಚೌಕಾಸಿ ಮಾಡಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಮನೆಯನ್ನು ಏನು ಮಾಡುವುದೆಂದು ಯೋಚಿಸುತ್ತಾರೆ. ಇಂತಹ ಮನೆಯಲ್ಲಿ ನೀವು ಕೊಡುವ ಹಣದ ದೊಡ್ಡ ಪಾಲು ಹೋಗುವುದು ನೆಲಕ್ಕೆ. ಅದರ ಮೇಲಿನ ಕಟ್ಟಡ ನಿಮಗೆ ಆಸ್ತಿಯೋ ಹೊರೆಯೋ ಎಂಬುದು ನಿಮ್ಮ ಉದ್ದೇಶದ ಮೇಲೆ ನಿಂತಿದೆ. ಆದ್ದರಿಂದ ಕಟ್ಟಡದ ಗತಿ ಏನೆಂಬುದನ್ನು ಮೊದಲು ತೀರ್ಮಾನಿಸಿ. ಕೊಡಬಹುದಾದ ಬೆಲೆ, ಬ್ಯಾಂಕಿನ ಸಾಲ, ನೋಡಬೇಕಾದ ಕಾಗದಪತ್ರ ಎಲ್ಲವೂ ಅದರ ಹಿಂದೆ ಬರುತ್ತವೆ.

ಹಂತ 1: ಇರುವುದೋ, ದುರಸ್ತಿಯೋ, ಕೆಡವುವುದೋ

ಹಾದಿಗಳು ಮೂರೇ. ಸುಣ್ಣಬಣ್ಣ ಮಾಡಿಸಿ ಇದ್ದ ಹಾಗೆಯೇ ವಾಸಿಸುವುದು. ಗೋಡೆ ಉಳಿಸಿಕೊಂಡು ನಲ್ಲಿ, ವಿದ್ಯುತ್ತು, ತಾರಸಿ, ಬಚ್ಚಲು ಎಲ್ಲವನ್ನೂ ಹೊಸದು ಮಾಡುವುದು. ಪೂರ್ತಿ ಕೆಡವಿ ಮೂರು ಮಹಡಿ ಎಬ್ಬಿಸುವುದು. ಮೊದಲ ಎರಡರಲ್ಲಿ ಕಟ್ಟಡಕ್ಕೆ ಬೆಲೆ ಇದೆ. ಮೂರನೆಯದರಲ್ಲಿ ಅದಕ್ಕೆ ಬೆಲೆ ಇಲ್ಲ. ಕೆಡವುವ, ಮಣ್ಣುಕಲ್ಲು ಸಾಗಿಸುವ ಖರ್ಚು ನಿಮ್ಮ ತಲೆಯ ಮೇಲೆ ಬರುತ್ತದೆ. ತೇಗದ ಬಾಗಿಲು, ಕಿಟಕಿ, ಮಂಗಳೂರು ಹೆಂಚು, ಸೈಜುಗಲ್ಲು ಇದ್ದರೆ ಕೆಡವುವ ಗುತ್ತಿಗೆದಾರರು ಅವನ್ನು ಲೆಕ್ಕಕ್ಕೆ ಹಿಡಿದು ಕೂಲಿ ಕಡಿಮೆ ಮಾಡುತ್ತಾರೆ.

‘ಹಳೆಯದಲ್ಲವೇ, ಕೆಡವಿ ಕಟ್ಟಿದರಾಯಿತು’ ಎಂದು ಸಲೀಸಾಗಿ ಹೇಳುವವರು ಒಂದು ಮಾತನ್ನು ಮರೆಯುತ್ತಾರೆ. ಹಿಂದಿನ ಕಾಲದ ಬಹುಪಾಲು ಚಿಕ್ಕ ಮನೆಗಳನ್ನು ಸೈಟಿನ ಗಡಿಗೇ ತಾಗಿಸಿ ಕಟ್ಟಿದ್ದಾರೆ. ಕೆಡವಿದ ಕ್ಷಣದಿಂದ ನಿಮಗೆ ಇಂದಿನ ನಿಯಮ ಅನ್ವಯಿಸುತ್ತದೆ. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್, ವಾಹನ ನಿಲುಗಡೆಯ ಜಾಗ, ಎತ್ತರದ ಮಿತಿ ಎಲ್ಲವೂ ಸೇರಿ, ಈಗಿರುವ ನೆಲಮಹಡಿಯಷ್ಟು ಅಗಲದ ಮನೆ ಮತ್ತೆ ಕಾನೂನುಬದ್ಧವಾಗಿ ಸಿಗದೇ ಹೋಗಬಹುದು. ಜೊತೆಗೆ 600 ಚದರ ಅಡಿಯ ಸೈಟಿನಲ್ಲಿ ಮೆಟ್ಟಿಲೇ ಪ್ರತಿ ಮಹಡಿಯಲ್ಲೂ ಸುಮಾರು ಹತ್ತನೇ ಒಂದು ಭಾಗವನ್ನು ನುಂಗುತ್ತದೆ. ಹೀಗಾಗಿ ಕೆಡವುವ ಆಸೆ ಇದ್ದರೆ, ಅಡ್ವಾನ್ಸ್ ಕೊಡುವ ಮೊದಲೇ ಒಬ್ಬ ವಾಸ್ತುಶಿಲ್ಪಿಯಿಂದ ಇಂದಿನ ನಿಯಮದ ಪ್ರಕಾರ ಒಂದು ಕಚ್ಚಾ ನಕ್ಷೆ ಬರೆಸಿ. ಅದರ ಶುಲ್ಕ ನೀವು ಕೊಡಲಿರುವ ಬೆಲೆಯ ಮುಂದೆ ಏನೂ ಅಲ್ಲ. 2024ರಿಂದ ಬೆಂಗಳೂರಿನಲ್ಲಿ ‘ನಂಬಿಕೆ ನಕ್ಷೆ’ ಎಂಬ ವ್ಯವಸ್ಥೆ ಬಂದಿದೆ; 50×80 ಅಡಿವರೆಗಿನ ಸೈಟುಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ನಕ್ಷೆ ಮಂಜೂರಾತಿ ಬೇಗ ಸಿಗುತ್ತದೆ. ಆದರೆ ದಾಖಲೆ ಸರಿಯಿಲ್ಲದ ಸೈಟಿಗೆ ಆ ಬೇಗವೂ ಇಲ್ಲ.

ಹಳೆಯ ಮನೆಯನ್ನು ಉಳಿಸಿಕೊಂಡರೆ ಇನ್ನೊಂದು ಲಾಭವಿದೆ. ಕಾವೇರಿ ನೀರಿನ ಸಂಪರ್ಕ, ಒಳಚರಂಡಿ, ಬೆಸ್ಕಾಂ ಮೀಟರು ಮೂರೂ ಚಾಲ್ತಿಯಲ್ಲಿ ಇರುತ್ತವೆ. ಸ್ವಾಧೀನಾನುಭವ ಪತ್ರವಿಲ್ಲದೆ (ಮಂಜೂರಾದ ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಪಾಲಿಕೆ ಕೊಡುವ ಪತ್ರ, ಅಂದರೆ ಒಸಿ) ಹೊಸ ಕಟ್ಟಡಕ್ಕೆ ನೀರು, ವಿದ್ಯುತ್ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಹೊಸದಾಗಿ ಕಟ್ಟಿದ ಎಷ್ಟೋ ಮಂದಿ ಸಂಪರ್ಕಕ್ಕಾಗಿ ಪರದಾಡಿದ್ದಾರೆ. ಚಿಕ್ಕ ಸೈಟುಗಳಿಗೆ ರಾಜ್ಯ ಸರ್ಕಾರ ಆಮೇಲೆ ರಿಯಾಯಿತಿ ಕೊಟ್ಟಿತಾದರೂ, ಕೆಡವಿ ಕಟ್ಟುವವರು ಆ ಹೊತ್ತಿನ ನಿಯಮವನ್ನು ವಿಚಾರಿಸಿಯೇ ಮುಂದುವರಿಯಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಮೂವರು ನಾಲ್ವರ ಕುಟುಂಬಕ್ಕೆ ಗೋಡೆ ಗಟ್ಟಿಯಾಗಿರುವ ಹಳೆಯ ಮನೆಯ ದುರಸ್ತಿಯೇ ಹೆಚ್ಚಿನ ಸಲ ಒಳ್ಳೆಯ ಹಾದಿ. ಬಾಡಿಗೆ ಬರಲಿ ಎಂಬ ಒಂದೇ ಕಾರಣಕ್ಕೆ 20 ಅಡಿ ಅಗಲದ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಸ್ವಂತ ಕೋಣೆಗಳಿಗೇ ಗಾಳಿ ಬೆಳಕು ಇಲ್ಲದಂತೆ ಮಾಡಿಕೊಂಡವರು ನಮ್ಮ ಬೀದಿಗಳಲ್ಲಿ ಬಹಳ ಇದ್ದಾರೆ.

ಹಂತ 2: ಟೇಪು ಹಿಡಿದು ಜಾಗ ಅಳೆಯಿರಿ

ಕ್ರಯಪತ್ರದಲ್ಲಿ 20×30 ಎಂದಿದ್ದರೆ ನೆಲದ ಮೇಲೂ ಅಷ್ಟೇ ಇರಬೇಕೆಂದೇನಿಲ್ಲ. ಅಕ್ಕಪಕ್ಕದವರು ಹೊಸದಾಗಿ ಕಟ್ಟುವಾಗ ಗೋಡೆ ಅಷ್ಟಷ್ಟೇ ಸರಿದಿರುತ್ತದೆ. ದೊಡ್ಡ ಸೈಟಿನಲ್ಲಿ ಒಂದಡಿ ಹೋದರೆ ಗೊತ್ತಾಗುವುದಿಲ್ಲ. 20 ಅಡಿ ಅಗಲದಲ್ಲಿ ಒಂದಡಿ ಎಂದರೆ 30 ಚದರ ಅಡಿ, ಇಡೀ ಸೈಟಿನ ನೂರಕ್ಕೆ ಐದು ಭಾಗ. ಪತ್ರದ ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ಗಡಿಗಳ ವಿವರವನ್ನು, ಕೈಯಲ್ಲಿ ಹಿಡಿದು ನಾಲ್ಕು ದಿಕ್ಕಿನಲ್ಲೂ ಯಾರ ಸ್ವತ್ತು, ರಸ್ತೆ ಎಷ್ಟು ಅಗಲ ಎಂದು ಹೋಲಿಸಿ. ಚೆಕ್ಕುಬಂದಿಯಲ್ಲಿ ‘ಓಣಿ’ ಎಂದಿರುವ ಕಡೆ ಈಗ ಯಾರದೋ ಸ್ನಾನದ ಕೋಣೆ ನಿಂತಿದ್ದರೆ, ಆ ಓಣಿಯ ಮೇಲೆ ನಿಮಗಿರಬೇಕಾದ ಹಕ್ಕು ಎಲ್ಲಿಗೆ ಹೋಯಿತೆಂದು ಕೇಳಲೇಬೇಕು.

ಜಂಟಿ ಗೋಡೆಯ ವಿಷಯ ಇನ್ನೂ ಸೂಕ್ಷ್ಮ. ಹಳೆಯ ವಠಾರಗಳು ಒಡೆದು ಮಾರಾಟವಾದ ಮನೆಗಳಲ್ಲಿ, ಕೆಂಗೇರಿ ಮತ್ತು ಯಲಹಂಕ ಉಪನಗರಗಳಲ್ಲಿ ಗೃಹಮಂಡಳಿ ಕಟ್ಟಿದ ಸಾಲುಮನೆಗಳಲ್ಲಿ, ಎರಡು ಮನೆಗೆ ಒಂದೇ ಗೋಡೆ ಇರುವುದುಂಟು. ಅಂತಹ ಗೋಡೆಯನ್ನು ನೀವೊಬ್ಬರೇ ಕೆಡವುವಂತಿಲ್ಲ, ಅದರ ಮೇಲೆ ಭಾರ ಹೇರುವಂತಿಲ್ಲ. ಬೀಮು, ಮರದ ತೊಲೆ ಪಕ್ಕದ ಮನೆಯ ಗೋಡೆಯಲ್ಲಿ ಕೂತಿದೆಯೇ ಎಂದು ನೋಡಿಸಿ. ಬಾವಿ, ಮೆಟ್ಟಿಲು, ಚರಂಡಿ ಪೈಪು ಹಂಚಿಕೆಯಲ್ಲಿದ್ದರೆ ಅದು ಪತ್ರದಲ್ಲಿ ಬರೆದಿದೆಯೋ ಬರೀ ಬಾಯಿಮಾತೋ ಎಂದು ವಿಚಾರಿಸಿ.

ಬೆಳಕನ್ನು ಪರೀಕ್ಷಿಸುವುದಕ್ಕೆ ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ದೀಪ ಆರಿಸಿ ನೋಡಿ. ಮನೆ ಕಟ್ಟಿದಾಗ ಅಕ್ಕಪಕ್ಕ ಹೆಂಚಿನ ಮನೆಗಳಿದ್ದವು. ಇಂದು ಎರಡೂ ಕಡೆ ನಾಲ್ಕು ಮಹಡಿ ಎದ್ದಿದ್ದರೆ ನಡುಮನೆಗೆ ಬೆಳಕು ಬರುವ ದಾರಿ ಮೇಲಿನಿಂದ ಮಾತ್ರ. ತಾರಸಿಯಲ್ಲಿ ಗಾಜಿನ ಬೆಳಕಿಂಡಿ ತೆರೆಯಲು ಸಾಧ್ಯವೇ ಎಂದು ಎಂಜಿನಿಯರ್ ಹೇಳಬಲ್ಲರು. ಪಕ್ಕದಲ್ಲಿ ಇನ್ನೂ ಒಂದು ಮಹಡಿಯ ಮನೆ ಇದ್ದರೆ, ನಾಳೆ ಅದೂ ಎದ್ದುನಿಲ್ಲುತ್ತದೆ ಎಂದೇ ಭಾವಿಸಿ ತೀರ್ಮಾನ ಮಾಡಿ.

ರಸ್ತೆ ಮತ್ತು ನೆಲದ ಮಟ್ಟ ಬೆಂಗಳೂರಿನ ಹಳೆಯ ಮನೆಗಳ ಬಹುದೊಡ್ಡ ಸಂಕಟ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಮತ್ತೆ ಮತ್ತೆ ಡಾಂಬರು ಹಾಕಿ ರಸ್ತೆ ಏರಿದೆ. ಒಂದು ಕಾಲಕ್ಕೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ನೀರು ಒಳಗೆ, ಒಳಚರಂಡಿ ಕಟ್ಟಿಕೊಂಡರೆ ಕೊಳಕು ವಾಪಸು ಬಚ್ಚಲಿಗೆ. ಹೊಸ್ತಿಲ ಮುಂದೆ ಸಿಮೆಂಟಿನ ದಿಮ್ಮಿ ಕಟ್ಟಿದ್ದರೆ, ಗೋಡೆಯ ಬುಡದಲ್ಲಿ ಒಂದೇ ಮಟ್ಟಕ್ಕೆ ಬಣ್ಣ ಉದುರಿದ್ದರೆ, ಅಲ್ಲಿಗೆ ನೀರು ಬಂದಿದೆ ಎಂದರ್ಥ. ಸಾಧ್ಯವಾದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ, ಸಂಜೆ ಜೋರು ಮಳೆ ಬಂದ ಮೇಲೆ, ಹೋಗಿ ನೋಡಿ. ಹತ್ತಿರದಲ್ಲಿ ರಾಜಕಾಲುವೆ ಇದ್ದರೆ ಗ್ರಾಮನಕ್ಷೆ ತರಿಸಿ ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ಗುರುತಿಸಿ. ಕಾಲುವೆಯ ಮೀಸಲು ಪ್ರದೇಶದೊಳಗೆ ಬಂದ ಹಳೆಯ ಮನೆಯನ್ನು ಕೆಡವಿದರೆ ಮತ್ತೆ ಕಟ್ಟಲು ಅನುಮತಿ ಸಿಗದಿರುವ ಸಾಧ್ಯತೆ ದೊಡ್ಡದು.

ವಾಹನದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ: ರಾತ್ರಿ ಹತ್ತಕ್ಕೆ ಬೀದಿಗೆ ಹೋಗಿ, ಕಾರು ನಿಲ್ಲಿಸಲು ಜಾಗ ಹುಡುಕಿ.

ಹಂತ 3: ಕಟ್ಟಡವನ್ನು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಎಂಜಿನಿಯರ್ ಕರೆಸಿ

ಯಾವ ಕಾಲದ ಮನೆ ಎಂಬುದರ ಮೇಲೆ ರೋಗ ಬೇರೆ ಬೇರೆ. ಬಸವನಗುಡಿ, ಮಲ್ಲೇಶ್ವರದ ತೀರ ಹಳೆಯ ಮನೆಗಳಲ್ಲಿ ಮದ್ರಾಸ್ ತಾರಸಿ ಕಾಣುತ್ತದೆ. ಮರದ ತೊಲೆಗಳ ಮೇಲೆ ತೆಳ್ಳಗಿನ ಇಟ್ಟಿಗೆಯನ್ನು ಅಂಚು ಮೇಲಾಗಿ ಓರೆಯಾಗಿ ಜೋಡಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಚಾವಣಿ ಅದು. ಸರಿಯಾಗಿ ಕಾಪಾಡಿದರೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಅದು ಕೆಡುವುದು ತೊಲೆಯ ನಡುವಿನಲ್ಲಿ ಅಲ್ಲ, ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ. ತೇವ, ಗೆದ್ದಲು ಎರಡೂ ಅಲ್ಲಿಂದಲೇ ಶುರು. ಚೂಪಾದ ಸ್ಕ್ರೂಡ್ರೈವರಿನಿಂದ ತೊಲೆಯ ತುದಿಯನ್ನು ಮೆಲ್ಲಗೆ ಚುಚ್ಚಿ. ಗಟ್ಟಿಯಾಗಿ ತಡೆದರೆ ಮರ ಬದುಕಿದೆ, ಒಳಗೆ ಇಳಿದರೆ ತೊಲೆ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

1970ರ ದಶಕದ ನಂತರದ ಮನೆಗಳಲ್ಲಿ ಕಾಂಕ್ರೀಟ್ ತಾರಸಿಯೇ ಹೆಚ್ಚು. ಇಲ್ಲಿ ಶತ್ರು ತುಕ್ಕು. ಕಂಬಿಗೆ ತುಕ್ಕು ಹಿಡಿದಾಗ ಅದು ಉಬ್ಬುತ್ತದೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಆದ್ದರಿಂದ ಚಾವಣಿಯಲ್ಲಿ ಕಂಬಿಯ ಸಾಲಿಗೇ ನೇರವಾಗಿ ಬಿರುಕು ಕಂಡರೆ, ಸಜ್ಜಾದ ಅಡಿಯಲ್ಲಿ ಪದರ ಕಳಚಿ ಕಂಬಿ ಹೊರಬಿದ್ದಿದ್ದರೆ ಎಚ್ಚರ. ಉದ್ದನೆಯ ಕೋಲಿನಿಂದ ಚಾವಣಿಯನ್ನು ಕುಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಜಾಗವನ್ನು ಗುರುತು ಹಾಕಿ. ಬಚ್ಚಲಿನ ಮೇಲಿನ ಭಾಗ, ನೀರಿನ ಟ್ಯಾಂಕಿನ ಕೆಳಗೆ, ಹೊರಗಿನ ಸಜ್ಜಾ, ಇವು ಮೊದಲು ಹಾಳಾಗುವ ಜಾಗಗಳು. ಮಾರುವವರು ಹೊಸ ಬಣ್ಣ ಬಳಿಸಿದ್ದರೆ ಕೋಲು ಇನ್ನೂ ಮುಖ್ಯ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಟೊಳ್ಳನ್ನು ಮುಚ್ಚಲಾರದು.

ಗೋಡೆಗಳ ವಿಷಯದಲ್ಲಿ ನೆನಪಿಡಬೇಕಾದದ್ದು: ಈ ಮನೆಗಳಲ್ಲಿ ಹೆಚ್ಚಿನವುಗಳಿಗೆ ಕಂಬಗಳಿಲ್ಲ. ಒಂಬತ್ತಂಗುಲದ ಇಟ್ಟಿಗೆ ಗೋಡೆ ಅಥವಾ ಕಲ್ಲಿನ ಗೋಡೆಯೇ ತಾರಸಿಯನ್ನು ಹೊರುತ್ತದೆ. ನಡುಮನೆ ದೊಡ್ಡದಾಗಲೆಂದು ಒಳಗೋಡೆ ತೆಗೆಸುವ ಯೋಚನೆ ಇದ್ದರೆ ಅದು ಮೇಸ್ತ್ರಿಯ ಮಾತಿನ ಮೇಲೆ ಆಗುವ ಕೆಲಸವಲ್ಲ. ಉಕ್ಕಿನ ತೊಲೆ ಕೊಟ್ಟು ಭಾರ ಬದಲಿಸಬೇಕು. ಮೇಲೆ ಒಂದು ಮಹಡಿ ಹಾಕುತ್ತೇನೆ ಎನ್ನುವವರು ಗೋಡೆಯ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿ ಅಡಿಪಾಯ ಎಷ್ಟು ಆಳ, ಕಲ್ಲನ್ನು ಮಣ್ಣಿನಲ್ಲಿ ಕೂರಿಸಿದ್ದಾರೋ ಸುಣ್ಣದಲ್ಲೋ ಸಿಮೆಂಟಿನಲ್ಲೋ ಎಂದು ಎಂಜಿನಿಯರ್‌ಗೆ ತೋರಿಸಬೇಕು. ಗೋಡೆಯಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಹೋದ ಬಿರುಕು ನೆಲ ಕುಸಿದ ಸೂಚನೆ. ಬಾಗಿಲ ಮೂಲೆಯ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ.

ಇನ್ನೊಂದು ಮಾತು, ಇದನ್ನು ಬಹಳ ಮಂದಿ ತಿಳಿಯದೆ ಮಾಡುತ್ತಾರೆ. ಮಣ್ಣು ಅಥವಾ ಸುಣ್ಣದ ಗಾರೆಯ ಹಳೆಯ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಬಳಿದು, ನೀರು ಹೀರದ ಬಣ್ಣ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು ಒಂದೆರಡು ಮಳೆಗಾಲದಲ್ಲಿ ಗೋಡೆ ಉಪ್ಪುಪ್ಪಾಗಿ ಉದುರುತ್ತದೆ. ದುರಸ್ತಿಗೆ ಸುಣ್ಣದ ಕೆಲಸ ಬಲ್ಲವರನ್ನು ಹುಡುಕಿ; ಅವರು ಕಡಿಮೆಯಾಗಿದ್ದಾರೆ, ಆದರೆ ಇದ್ದಾರೆ.

ಕಣ್ಣಿಗೆ ಕಾಣದ ಕೊಳವೆ, ತಂತಿಗಳನ್ನು ಪೂರ್ತಿ ಬದಲಿಸಬೇಕೆಂದೇ ಲೆಕ್ಕ ಹಾಕಿ. ಹಳೆಯ ಕಬ್ಬಿಣದ ನಲ್ಲಿ ಪೈಪುಗಳು ಒಳಗೆ ತುಕ್ಕು ಕಟ್ಟಿ ನೀರಿನ ದಾರಿ ಬೆರಳಷ್ಟು ಸಣ್ಣದಾಗಿರುತ್ತದೆ. ಒಳಚರಂಡಿಗೆ ಮಣ್ಣಿನ ಕೊಳವೆ ಹಾಕಿದ್ದರೆ ಅದರ ಬೆಸುಗೆಯೊಳಗೆ ಬೇರು ಹೊಕ್ಕಿರಬಹುದು. ಮರದ ಪಟ್ಟಿಯೊಳಗೆ ಹಾಯಿಸಿದ ವಿದ್ಯುತ್ ತಂತಿಗೆ ಅರ್ಥಿಂಗ್ ಇರುವುದೇ ಅಪರೂಪ. ಮಂಜೂರಾದ ವಿದ್ಯುತ್ ಹೊರೆ ಎಷ್ಟೆಂದು ಬೆಸ್ಕಾಂ ಬಿಲ್ಲಿನಲ್ಲಿ ನೋಡಿ. ಗೀಸರ್, ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಂಗ್ ಇರುವ ಮನೆಗೆ ಅದು ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಬೇಕಾಗುತ್ತದೆ. ಸಂಪಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ನೋಡಿ. ಸಂಪು ಶೌಚದ ಪೈಪಿನ ಪಕ್ಕದಲ್ಲೇ ಇದ್ದರೆ, ಚಿಕ್ಕ ಸೈಟಿನಲ್ಲಿ ಅದನ್ನು ಸ್ಥಳಾಂತರಿಸಲು ಬೇರೆ ಜಾಗವೇ ಇರುವುದಿಲ್ಲ.

ಕೆಂಪು ಗಾರೆಯ ನೆಲ, ಮೊಸಾಯಿಕ್ ನೆಲ ಚೆನ್ನಾಗಿದ್ದರೆ ದಯವಿಟ್ಟು ಉಳಿಸಿಕೊಳ್ಳಿ. ಪಾಲಿಶ್ ಮಾಡಿಸಿದರೆ ಹೊಸ ಟೈಲ್ಸಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಹೊಳೆಯುತ್ತವೆ, ಬೇಸಿಗೆಯಲ್ಲಿ ಕಾಲಿಗೆ ತಂಪು.

ಇಷ್ಟೆಲ್ಲ ನೀವೇ ನೋಡಿದ ಮೇಲೂ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಹಣ ಕೊಟ್ಟು ಕರೆಸಿ, ಬರಹದಲ್ಲಿ ವರದಿ ಪಡೆಯಿರಿ. ಅನುಮಾನವಿದ್ದರೆ ಅವರು ಕಾಂಕ್ರೀಟಿನ ಗಟ್ಟಿತನ ಅಳೆಯುವ ರೀಬೌಂಡ್ ಹ್ಯಾಮರ್‌ನಂತಹ ಪರೀಕ್ಷೆ ಮಾಡಿಸುತ್ತಾರೆ. ಮಾರುವವರೋ ಬ್ರೋಕರೋ ಗೊತ್ತುಮಾಡಿದ ಎಂಜಿನಿಯರ್ ಬೇಡ.

ಹಂತ 4: ಕಾಗದಪತ್ರ

ಹಳೆಯ ಮನೆಯಲ್ಲಿ ತಾರಸಿಗಿಂತ ಹೆಚ್ಚು ಸೋರುವುದು ದಾಖಲೆ. ಹೊಸ ಮನೆಗೆ ಒಬ್ಬ ಮಾಲೀಕ, ಒಂದು ಕ್ರಯಪತ್ರ. ಐವತ್ತು ವರ್ಷದ ಮನೆಗೆ ಎರಡು ಮೂರು ತಲೆಮಾರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಸಂಪರ್ಕವೇ ಇಲ್ಲದ ಒಬ್ಬ ಅಣ್ಣ.

ಮೂಲಪತ್ರದಿಂದ ಆರಂಭಿಸಿ ಇಂದಿನವರೆಗಿನ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಬಾರದು. ಸೈಟು 1976ಕ್ಕಿಂತ ಹಿಂದೆ ಹಂಚಿಕೆಯಾಗಿದ್ದರೆ ಪತ್ರ ಬಿಡಿಎಯದ್ದಲ್ಲ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ), ಅದಕ್ಕಿಂತ ಹಿಂದಿದ್ದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನದ್ದು ಆಗಿರುತ್ತದೆ. ಹಂಚಿಕೆ ಪತ್ರ, ಸ್ವಾಧೀನ ಪತ್ರ, ಕೊನೆಗೆ ಶುದ್ಧ ಕ್ರಯಪತ್ರ, ಈ ಮೂರೂ ಬೇಕು. ಮಧ್ಯದಲ್ಲಿ ಬರೀ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಕೈಬದಲಾಗಿದ್ದರೆ ಅಲ್ಲೇ ನಿಲ್ಲಿ. ಜಿಪಿಎಯಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

ಋಣಭಾರ ಪತ್ರ, ಅಂದರೆ ಇಸಿ, 2004ರ ಏಪ್ರಿಲ್‌ನಿಂದ ಈಚಿನದ್ದು ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದ್ದಕ್ಕೆ ಉಪನೋಂದಣಿ ಕಚೇರಿಗೆ ಹೋಗಬೇಕು. ‘ಹದಿಮೂರು ವರ್ಷದ್ದು ಸಾಕು’ ಎಂಬ ಬ್ರೋಕರ್ ಮಾತು ಹಳೆಯ ಮನೆಗೆ ಸಾಲದು. ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ಇಸಿ ಶುದ್ಧವಾಗಿದ್ದರೂ ಅಸಲು ಪತ್ರಗಳನ್ನು ಕಣ್ಣಾರೆ ನೋಡಿ. ಪತ್ರಗಳನ್ನು ಬ್ಯಾಂಕಿನಲ್ಲೋ ಖಾಸಗಿಯವರಲ್ಲೋ ಒತ್ತೆಯಿಟ್ಟು ತಂದ ಸಾಲ ಇಸಿಯಲ್ಲಿ ಕಾಣದೇ ಇರಬಹುದು. ‘ಲಾಕರಿನಲ್ಲಿದೆ, ನೋಂದಣಿ ದಿನ ತರುತ್ತೇವೆ’ ಎಂದರೆ ಒಪ್ಪಬೇಡಿ.

ವಾರಸುದಾರರ ವಿಷಯಕ್ಕೆ ಬರೋಣ. ತಂದೆಯ ಸ್ವಯಾರ್ಜಿತ ಮನೆ, ಉಯಿಲು ಬರೆಯದೆ ತೀರಿಕೊಂಡರು ಎಂದಿಟ್ಟುಕೊಳ್ಳಿ. ಹಿಂದೂ ಕುಟುಂಬದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತೀರಿಕೊಂಡವರ ತಾಯಿ, ಎಲ್ಲರಿಗೂ ಸಮಪಾಲು. ಮೊದಲೇ ತೀರಿಹೋದ ಮಗ ಅಥವಾ ಮಗಳ ಮಕ್ಕಳಿಗೂ ಆ ಪಾಲು ಬರುತ್ತದೆ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದೂ ಹೇಳಿದೆ. ‘ಅಕ್ಕನಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಅವರ ನೋಂದಾಯಿತ ಹಕ್ಕು ಖುಲಾಸೆ ಪತ್ರ ಬೇಕು, ಇಲ್ಲವೇ ಕ್ರಯಪತ್ರಕ್ಕೆ ಅವರೇ ಬಂದು ಸಹಿ ಹಾಕಬೇಕು. ವಂಶವೃಕ್ಷ ತೆಗೆಸಿ, ಅದರಲ್ಲಿರುವ ಒಂದೊಂದು ಹೆಸರಿಗೂ ಒಂದೊಂದು ಸಹಿಯನ್ನು ಹೊಂದಿಸಿ ನೋಡಿ. ಹದಿನೆಂಟು ತುಂಬದವರ ಪಾಲಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂದು ವಕೀಲರನ್ನು ಕೇಳಿ. ಉಯಿಲಿನ ಆಧಾರದ ಮೇಲೆ ಮಾರುತ್ತಿದ್ದರೂ ಉಳಿದ ವಾರಸುದಾರರನ್ನು ಒಪ್ಪಿಗೆದಾರರಾಗಿ ಸಹಿ ಹಾಕಿಸುವುದು ಜಾಣತನ.

ದೊಡ್ಡ ಸೈಟನ್ನು ಅಣ್ಣತಮ್ಮಂದಿರು ಅರ್ಧರ್ಧ ಮಾಡಿಕೊಂಡು ಹುಟ್ಟಿದ ಚಿಕ್ಕ ಸೈಟಾದರೆ, ವಿಭಾಗಪತ್ರ ನೋಂದಣಿಯಾಗಿದೆಯೇ, ಖಾತೆಯೂ ಬೇರೆಯಾಗಿದೆಯೇ ಎಂಬುದು ಮುಖ್ಯ. ಖಾತಾ ಒಡೆತನದ ಪತ್ರವಲ್ಲ, ತೆರಿಗೆಯ ದಾಖಲೆ. ಆದರೂ ಅದಿಲ್ಲದೆ ಹೆಜ್ಜೆ ಇಡಲಾಗದು. 2024ರ ಕೊನೆಯಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿತೆಂದು ತಿಳಿದುಕೊಳ್ಳಿ. ಇ-ಖಾತಾದಲ್ಲಿ ಹೆಸರು, ಅಳತೆ, ಚೆಕ್ಕುಬಂದಿ ಮೂರೂ ಕ್ರಯಪತ್ರಕ್ಕೆ ಹೊಂದಬೇಕು. ಹೊಂದದಿದ್ದರೆ ಸರಿಪಡಿಸಿಕೊಡುವ ಹೊಣೆ ಮಾರುವವರದ್ದು. ಬಿ ಖಾತಾ (ಮಂಜೂರಾತಿ ಸರಿಯಿಲ್ಲದ ಸ್ವತ್ತಿನ ಖಾತಾ) ಆದರೆ ಹಲವು ಬ್ಯಾಂಕುಗಳು ಸಾಲ ಕೊಡುವುದಿಲ್ಲ, ಮುಂದೆ ನೀವು ಮಾರುವಾಗಲೂ ಅದೇ ತೊಡಕು.

ಬಾಡಿಗೆದಾರರನ್ನು, ಅದರಲ್ಲೂ ಭೋಗ್ಯಕ್ಕೆ ಇರುವವರನ್ನು ಮರೆಯಬೇಡಿ. ಹತ್ತಾರು ಲಕ್ಷ ಕೊಟ್ಟು ಭೋಗ್ಯಕ್ಕೆ ಕುಳಿತವರು ಆ ಹಣ ಕೈಗೆ ಬರುವ ತನಕ ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ. ಮನೆ ಖಾಲಿಯಾದ ಮೇಲೆಯೇ ನೋಂದಣಿ ಎಂದು ಕರಾರಿನಲ್ಲಿ ಬರೆಸಿ.

ವಕೀಲರ ಕಡೆಯಿಂದ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುವುದು, ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾಲೀಕರ ಹೆಸರಿನಲ್ಲಿ ದಾವೆ ಇದೆಯೇ ಎಂದು ಹುಡುಕುವುದು, ಇವೆರಡೂ ಸಣ್ಣ ಖರ್ಚಿನ ದೊಡ್ಡ ರಕ್ಷಣೆ.

ಹಂತ 5: ಪೂರ್ತಿ ಲೆಕ್ಕ ಒಂದೇ ಹಾಳೆಯಲ್ಲಿ

ಉದಾಹರಣೆಗೆ 20×30 ಸೈಟಿನ ಮನೆಗೆ 1 ಕೋಟಿ 10 ಲಕ್ಷ ಬೆಲೆ ನಿಂತಿದೆ ಎನ್ನೋಣ. ಕರ್ನಾಟಕದ ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6, ಅಂದರೆ 8 ಲಕ್ಷ 36 ಸಾವಿರ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾದ್ದರಿಂದ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಅನ್ನು ನೀವೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಇದು ಬೆಲೆಯೊಳಗಿನದ್ದೇ. ಮಾರುವವರಲ್ಲಿ ಯಾರಾದರೂ ವಿದೇಶದಲ್ಲಿ ನೆಲೆಸಿದವರಾದರೆ ದರ ಬಹಳ ಹೆಚ್ಚು, ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕೊಡಬೇಡಿ.

ಬ್ಯಾಂಕು ನಿಮ್ಮ ಒಪ್ಪಂದದ ಬೆಲೆಯನ್ನು ನಂಬುವುದಿಲ್ಲ, ತನ್ನದೇ ಮೌಲ್ಯಮಾಪನ ಮಾಡಿಸುತ್ತದೆ. ಹಳೆಯ ಕಟ್ಟಡಕ್ಕೆ ಅದು ಕಡಿಮೆ ಬೆಲೆ ಕಟ್ಟುತ್ತದೆ. 90 ಲಕ್ಷ ಎಂದಿತು ಎನ್ನಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲ ಮೌಲ್ಯದ ಶೇ 80 ಮೀರುವಂತಿಲ್ಲ. ಹೆಚ್ಚೆಂದರೆ 72 ಲಕ್ಷ ಸಿಗುತ್ತದೆ. ಉಳಿದ 38 ಲಕ್ಷ ಮತ್ತು ನೋಂದಣಿಯ 8 ಲಕ್ಷ 36 ಸಾವಿರ ಸೇರಿ 46 ಲಕ್ಷ 36 ಸಾವಿರ ನಿಮ್ಮ ಕೈಯಲ್ಲಿರಬೇಕು. ದುರಸ್ತಿ ಇದರ ಹೊರಗೆ. ಇಲ್ಲಿಯೇ ಬಹಳ ಕುಟುಂಬಗಳು ಉಸಿರುಗಟ್ಟುವುದು: ಕೊಳ್ಳುವುದಕ್ಕೆ ಎಲ್ಲ ಖಾಲಿ ಮಾಡಿ, ಸೋರುವ ತಾರಸಿಯ ಕೆಳಗೆ ಬಕೆಟ್ ಇಟ್ಟು ಕೂರುತ್ತಾರೆ. ದುರಸ್ತಿಗೆ ಎಂಜಿನಿಯರ್ ಹೇಳಿದ ಅಂದಾಜಿನ ಮೇಲೆ ಇನ್ನೂ ಕಾಲು ಭಾಗ ಸೇರಿಸಿಟ್ಟುಕೊಳ್ಳಿ. ಹಳೆಯ ಗೋಡೆ ಒಡೆದಾಗ ಹೊಸ ಕೆಲಸ ಹೊರಬರುತ್ತದೆ.

ಕೆಡವುವ ಉದ್ದೇಶದವರಿಗೆ ಒಂದು ಎಚ್ಚರಿಕೆ. ಗೃಹಸಾಲ ಪಡೆದ ಮೇಲೆ ಆ ಕಟ್ಟಡ ಬ್ಯಾಂಕಿನ ಅಡಮಾನದಲ್ಲಿರುತ್ತದೆ. ಬ್ಯಾಂಕಿನ ಒಪ್ಪಿಗೆಯಿಲ್ಲದೆ ಅದನ್ನು ಕೆಡವುವಂತಿಲ್ಲ. ಖರೀದಿ ಮತ್ತು ನಿರ್ಮಾಣ ಎರಡಕ್ಕೂ ಸೇರಿ ಸಾಲ ಸಿಗುತ್ತದೆಯೇ ಎಂದು ಅರ್ಜಿ ಹಾಕುವಾಗಲೇ ನಿಮ್ಮ ಯೋಜನೆಯನ್ನು ಹೇಳಿಬಿಡಿ.

ಅಪಾರ್ಟ್‌ಮೆಂಟಿನ ಜೊತೆ ಹೋಲಿಸುವಾಗ ನ್ಯಾಯವಾಗಿ ಹೋಲಿಸಿ. ಹಳೆಯ ಮನೆಗೆ ಜಿಎಸ್‌ಟಿ ಇಲ್ಲ, ತಿಂಗಳ ನಿರ್ವಹಣಾ ಶುಲ್ಕ ಇಲ್ಲ, 600 ಚದರ ಅಡಿ ನೆಲ ಪೂರ್ತಿ ನಿಮ್ಮದೇ. ತರಕಾರಿ ಮಾರುಕಟ್ಟೆ, ಬಸ್ಸು, ವೈದ್ಯರು ನಡೆದುಹೋಗುವ ದೂರದಲ್ಲಿರುತ್ತಾರೆ. ವಯಸ್ಸಾದ ತಂದೆತಾಯಿ ಇರುವ ಮನೆಗೆ ಇದರ ಬೆಲೆ ರೂಪಾಯಿಯಲ್ಲಿ ಬರೆಯಲಾಗದು. ಇನ್ನೊಂದು ಕಡೆ, ಲಿಫ್ಟ್ ಇಲ್ಲ, ಕಾವಲಿಲ್ಲ, ಮಕ್ಕಳು ಆಡಲು ಅಂಗಳವಿಲ್ಲ, ಮೋಟರ್ ಕೆಟ್ಟರೆ ನೀವೇ ಓಡಬೇಕು.

ಹಂತ 6: ಚೌಕಾಸಿ ಮತ್ತು ಕರಾರು

ಬೆಲೆ ಮಾತಾಡುವಾಗ ನೆಲಕ್ಕೆ ಎಷ್ಟು, ಕಟ್ಟಡಕ್ಕೆ ಎಷ್ಟು ಎಂದು ಬೇರೆಬೇರೆ ಕೇಳಿ. ಅದೇ ಬೀದಿಯಲ್ಲಿ ಈಚೆಗೆ ನಡೆದ ಮಾರಾಟ ಎಷ್ಟಕ್ಕೆ ಎಂದು ಇಬ್ಬರು ಮೂವರಲ್ಲಿ ವಿಚಾರಿಸಿ. ಸರ್ಕಾರದ ಮಾರ್ಗಸೂಚಿ ಬೆಲೆ ತಳಮಟ್ಟ ಎಷ್ಟೆಂದು ತಿಳಿಸುತ್ತದೆ. ಎಂಜಿನಿಯರ್ ವರದಿಯನ್ನು ಮೇಜಿನ ಮೇಲಿಟ್ಟು ಮಾತಾಡಿ. ಇಷ್ಟು ತೊಲೆ ಬದಲಿಸಬೇಕು, ತಾರಸಿಗೆ ಇಷ್ಟು ಎಂಬ ಅಂಕಿಯ ಮುಂದೆ ‘ಬಹಳ ಗಟ್ಟಿ ಮನೆ ಸ್ವಾಮಿ’ ಎಂಬ ಮಾತು ನಿಲ್ಲುವುದಿಲ್ಲ. ಆದರೆ ಮನೆಯನ್ನು ಹೀಯಾಳಿಸಬೇಡಿ. ಅಲ್ಲಿ ಒಂದು ಕುಟುಂಬ ಬದುಕಿದೆ. ಗೌರವದಿಂದ ಮಾತಾಡಿದವರಿಗೆ ಬೆಲೆ ಇಳಿಸಿಕೊಟ್ಟ ಹಿರಿಯರು ಇದ್ದಾರೆ.

ಟೋಕನ್ ಎಂದು ಕೊಡುವ ಹಣ ಚೆಕ್ಕಿನಲ್ಲೇ ಇರಲಿ, ರಸೀದಿ ಪಡೆಯಿರಿ. ಕರಾರುಪತ್ರದಲ್ಲಿ ಬರೆಸಬೇಕಾದದ್ದು: ದಾಖಲೆಯಲ್ಲಿ ದೋಷ ಕಂಡರೆ ಅಡ್ವಾನ್ಸ್ ಪೂರ್ತಿ ವಾಪಸು, ಸಾಲ ಮಂಜೂರಾಗಲು ಸಾಕಷ್ಟು ಅವಧಿ, ಎಲ್ಲ ವಾರಸುದಾರರ ಸಹಿ, ಆಸ್ತಿ ತೆರಿಗೆ, ನೀರು, ವಿದ್ಯುತ್ ಬಾಕಿ ತೀರಿಸಿ ಕೊಡುವ ಹೊಣೆ, ಜಾಗವನ್ನು ಅಳೆದು, ಕಡಿಮೆ ಬಂದರೆ ಬೆಲೆ ಇಳಿಸುವ ಷರತ್ತು. ಸ್ವಲ್ಪ ಹಣವನ್ನು ಕಪ್ಪುಹಣವಾಗಿ ಕೊಡಿ ಎಂದರೆ ಒಪ್ಪಬೇಡಿ: ಅದು ಕಾನೂನುಬಾಹಿರ, ಸಾಲವೂ ಕಡಿಮೆಯಾಗುತ್ತದೆ, ವ್ಯವಹಾರ ಮುರಿದರೆ ಆ ಹಣಕ್ಕೆ ಸಾಕ್ಷಿಯೇ ಇರುವುದಿಲ್ಲ.

ಹಂತ 7: ನೋಂದಣಿಯಾದ ಮೇಲೆ

ಖಾತಾ ವರ್ಗಾವಣೆ, ನೀರಿನ ಮತ್ತು ವಿದ್ಯುತ್ ಮೀಟರಿನ ಹೆಸರು ಬದಲಾವಣೆಗೆ ಕೂಡಲೇ ಅರ್ಜಿ ಹಾಕಿ. ದುರಸ್ತಿಯಲ್ಲಿ ಕ್ರಮ ಮುಖ್ಯ: ಮೊದಲು ತಾರಸಿ ಮತ್ತು ಮಳೆನೀರು ಹೊರಹೋಗುವ ದಾರಿ, ನಂತರ ಚರಂಡಿ ಮತ್ತು ನಲ್ಲಿ ಪೈಪು, ಆಮೇಲೆ ವಿದ್ಯುತ್ತು, ಗೆದ್ದಲಿಗೆ ಔಷಧಿ, ಕೊನೆಗೆ ಗಾರೆ, ಬಣ್ಣ. ತಾರಸಿಯ ನೀರನ್ನು ಸೋಸಿ ಸಂಪಿಗೆ ಬಿಡುವ ವ್ಯವಸ್ಥೆಯನ್ನು ಇದೇ ವೇಳೆ ಮಾಡಿಸಿ. 1,200 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೆ ಜಲಮಂಡಳಿ ಅದನ್ನು 2009ರಿಂದ ಕಡ್ಡಾಯ ಮಾಡಿದೆ, ಚಿಕ್ಕ ಸೈಟಿನವರಿಗೂ ಅದರಿಂದ ಲಾಭವೇ. ಕೆಡವುವವರಾದರೆ, ಜೆಸಿಬಿ ಬರುವ ಮೊದಲೇ ಅಕ್ಕಪಕ್ಕದ ಮನೆಗಳ ಗೋಡೆ, ಬಿರುಕುಗಳ ಚಿತ್ರವನ್ನು ಅವರ ಎದುರಿನಲ್ಲೇ ತೆಗೆದು ಇಬ್ಬರೂ ಸಹಿ ಹಾಕಿಟ್ಟುಕೊಳ್ಳಿ. ಪಾಯ ತೋಡುವಾಗ ಪಕ್ಕದ ಹಳೆಯ ಅಡಿಪಾಯಕ್ಕಿಂತ ಆಳಕ್ಕೆ ಒಮ್ಮೆಗೇ ಇಳಿಯಬೇಡಿ. ತುಂಡುತುಂಡಾಗಿ ತೋಡಿ, ಆಯಾ ಭಾಗವನ್ನು ಕಟ್ಟಿ ಮುಗಿಸಿ, ಮುಂದಿನದ್ದಕ್ಕೆ ಹೋಗುವಂತೆ ಎಂಜಿನಿಯರ್ ಬರಹದಲ್ಲೇ ಸೂಚಿಸಲಿ.